ಹಾಡಿನ ಸಾಹಿತ್ಯ ಹಾಳೆಯ ಮೇಲಿಲ್ಲ

ಕನ್ನಡದಲ್ಲಿ ನಮಗೊಂದು ಅಭ್ಯಾಸವಿದೆ. ಹಾಡಿನ ಪದಗಳಿಗೆ ನಾವು 'ಸಾಹಿತ್ಯ' ಎನ್ನುತ್ತೇವೆ. ಕ್ಯಾಸೆಟ್ಟಿನ ಕಾಲದಿಂದಲೂ ಹೊದಿಕೆಯ ಮೇಲೆ 'ಸಾಹಿತ್ಯ: ಇಂಥವರು, ಸಂಗೀತ: ಇಂಥವರು, ಗಾಯನ: ಇಂಥವರು' ಎಂದು ಅಚ್ಚಾಗುತ್ತಲೇ ಬಂದಿದೆ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಹಾಡನ್ನು ಕೇಳಲು ಕೂತಾಗ ಮನೆಯನ್ನು ಪದಗಳಿಗೆ ಬರೆದುಕೊಟ್ಟು, ಹಿತ್ತಲನ್ನಷ್ಟೇ ಉಳಿದವರಿಗೆ ಬಿಡುತ್ತೇವೆ. ಈ ಬರಹ ಆ ಪಾಲುಪಟ್ಟಿಯ ಮೇಲೆ ನಾನು ಹಾಕುತ್ತಿರುವ ತಕರಾರು.

ತಕರಾರಿಗೆ ಕಾರಣವಾದ ಪ್ರಸಂಗ ಹೇಳಿಬಿಡುತ್ತೇನೆ. ನಾವು ಏಳೆಂಟು ಮಂದಿ ತಿಂಗಳಿಗೊಮ್ಮೆ ಸೇರಿ ಪುಸ್ತಕ ಓದಿ ಮಾತಾಡುತ್ತೇವೆ. ಈ ಸಲ ಪುಸ್ತಕ ಬೇಡ, ಒಂದು ಆಲ್ಬಂ ಕೇಳೋಣ ಎಂದು ನಾನೇ ಹಠ ಹಿಡಿದೆ. ಮಾರ್ವಿನ್ ಗೇ ಹಾಡಿದ, ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿ 1971ರ ಮೇ ತಿಂಗಳಲ್ಲಿ ಹೊರತಂದ 'ವಾಟ್ಸ್ ಗೋಯಿಂಗ್ ಆನ್'. ಸೋಲ್ ಸಂಗೀತದ ಆಲ್ಬಂಗಳಲ್ಲಿ ನನಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ನಮ್ಮ ಬಳಗದ ಹಿರಿಯರು, ಕಾಲೇಜಿನಲ್ಲಿ ನನಗೆ ಕಾವ್ಯ ಪಾಠ ಮಾಡಿದ ಮೇಷ್ಟ್ರು, ಒಂಬತ್ತೂ ಹಾಡುಗಳ ಪದಗಳನ್ನು ಪ್ರಿಂಟ್ ಹಾಕಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಬಂದಿದ್ದರು.

"ಏನಯ್ಯಾ, ಇದಕ್ಕಾ ಇಷ್ಟು ಕುಣಿದಾಡ್ತಿದ್ದೆ? ಯುದ್ಧ ಬೇಡ, ಪ್ರೀತಿ ಬೇಕು, ಗಾಳಿ ನೀರು ಕೆಟ್ಟುಹೋಯ್ತು, ಮಕ್ಕಳನ್ನ ಕಾಪಾಡಿ, ದೇವರು ಒಳ್ಳೆಯವನು. ಪರಿಸರ ದಿನಾಚರಣೆ ಭಾಷಣ ಇದ್ದ ಹಾಗಿದೆ. ಇದರಲ್ಲಿ ಸಾಹಿತ್ಯ ಎಲ್ಲಿದೆ?"

"ಕೇಳಿದ್ರಾ ಸಾರ್?"

"ಕೇಳಿದೆನಪ್ಪಾ, ಫೋನಲ್ಲಿ. ಹಿತವಾಗಿದೆ. ಹಿತವಾಗಿರೋದೇ ತೊಂದರೆ. ಇಷ್ಟೆಲ್ಲ ಅನ್ಯಾಯದ ಬಗ್ಗೆ ಹಾಡ್ತಾನೆ, ಒಂದು ಚೂರೂ ಸಿಟ್ಟಿಲ್ಲ."

ಅವತ್ತು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅಭಿಮಾನಿಗಳ ಕಷ್ಟವೇ ಅದು, ಪ್ರೀತಿ ಇರುತ್ತದೆ, ವಾದ ಇರುವುದಿಲ್ಲ. ಮನೆಗೆ ಬಂದು ಮತ್ತೆ ಮತ್ತೆ ಕೇಳಿದೆ. ಮೇಷ್ಟ್ರ ಆಕ್ಷೇಪಣೆಗಳು ಎರಡು: ಪದಗಳು ಸಪ್ಪೆ, ಸಿಟ್ಟು ಇಲ್ಲ. ಎರಡಕ್ಕೂ ಉತ್ತರ ಆಲ್ಬಮ್ಮಿನ ಒಳಗೇ ಇದೆ. ಹಾಳೆಯ ಮೇಲೆ ಮಾತ್ರ ಇಲ್ಲ.

ಶೀರ್ಷಿಕೆಯಿಂದಲೇ ಶುರು ಮಾಡೋಣ. ಇಂಗ್ಲಿಷಿನಲ್ಲಿ ಅದೊಂದು ಪ್ರಶ್ನೆ. ಆದರೆ ಆಲ್ಬಮ್ಮಿನ ಮುಖಪುಟದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಇಲ್ಲ. 'ಏನು ನಡೆಯುತ್ತಿದೆ' ಎಂದು ಅನುವಾದಿಸಿದರೆ ಪತ್ರಿಕೆಯ ಸಂಪಾದಕೀಯದ ತಲೆಬರಹದಂತೆ ಕೇಳುತ್ತದೆ. ಡೆಟ್ರಾಯಿಟಿನ ಕಪ್ಪು ಜನರ ಬೀದಿಗಳಲ್ಲಿ ಅದು ಗೆಳೆಯರು ಎದುರಾದಾಗ ಆಡುವ ಮಾತು ಕೂಡ. ನಮ್ಮ 'ಏನ್ ಸಮಾಚಾರ' ಇದೆಯಲ್ಲ, ಹಾಗೆ. ಮೊದಲ ಹಾಡು ಶುರುವಾಗುವುದು ರಾಗದಿಂದಲ್ಲ, ಒಂದು ಪಾರ್ಟಿಯ ಗದ್ದಲದಿಂದ. ಬಾಗಿಲು ತೆರೆದು ಒಳಗೆ ಬಂದವರನ್ನು ಯಾರೋ ಮಾತಾಡಿಸುತ್ತಿದ್ದಾರೆ, ನಗುತ್ತಿದ್ದಾರೆ, ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದಾರೆ. ಆ ದನಿಗಳಲ್ಲಿ ಡೆಟ್ರಾಯಿಟ್ ಲಯನ್ಸ್ ಫುಟ್‌ಬಾಲ್ ತಂಡದ ಮೆಲ್ ಫಾರ್ ಮತ್ತು ಲೆಮ್ ಬಾರ್ನಿ ಕೂಡ ಇದ್ದಾರೆ. ಗೇ ಅವರ ಗೆಳೆಯರು. ಈ ಗದ್ದಲ ಮುಗಿಯುವ ಮೊದಲೇ ಸ್ಯಾಕ್ಸೊಫೋನು, ಅದರ ಬೆನ್ನಿಗೆ ಹಾಡು.

ಎಂದರೆ ಹಾಡು ಶುರುವಾಗುವ ಹೊತ್ತಿಗೆ ನಾವು ಒಂದು ಮನೆಯೊಳಗೆ ಬಂದಾಗಿದೆ, ನಮ್ಮನ್ನು ಯಾರೋ ಮಾತಾಡಿಸಿಯಾಗಿದೆ. ಅಲ್ಲಿಂದ ಮುಂದೆ ಹಾಡುಗಾರ ತಾಯಿಯನ್ನು, ಅಣ್ಣತಮ್ಮಂದಿರನ್ನು, ತಂದೆಯನ್ನು ಕರೆದು ಮಾತಾಡುವಾಗ ಅದು ವೇದಿಕೆಯ ಮೇಲಿನ ಸಂಬೋಧನೆಯಾಗಿ ಕೇಳುವುದಿಲ್ಲ. ಮನೆಯವರ ನಡುವೆ ಎದ್ದ ಮಾತಾಗಿ ಕೇಳುತ್ತದೆ. 'ಏನ್ ಸಮಾಚಾರ' ಎಂಬ ಕುಶಲ ಪ್ರಶ್ನೆಯೊಳಗೇ 'ಏನಿದು ಅನ್ಯಾಯ' ಎಂಬುದು ಅಡಗಿದೆ. ಒಂದೇ ಮಾತು ಎರಡೂ ಆಗಬಲ್ಲದು. ಮೇಷ್ಟ್ರ ಹಾಳೆಯಲ್ಲಿ ಪಾರ್ಟಿಯ ಗದ್ದಲ ಅಚ್ಚಾಗಿರಲಿಲ್ಲ. ಹಾಗಾಗಿ ಅವರಿಗೆ ಸಿಕ್ಕಿದ್ದು ಅರ್ಧ ಮಾತು, ಅದರ ಮೇಲೆ ಪೂರ್ತಿ ತೀರ್ಪು.

ಈ ಹಾಡು ಹುಟ್ಟಿದ ಕಥೆಯೂ ಇದನ್ನೇ ಹೇಳುತ್ತದೆ. 1969ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 'ಪೀಪಲ್ಸ್ ಪಾರ್ಕ್' ಎಂಬ ಜಾಗದ ವಿಷಯವಾಗಿ ಪ್ರತಿಭಟಿಸುತ್ತಿದ್ದ ಯುವಕರ ಮೇಲೆ ಪೊಲೀಸರು ಮುಗಿಬಿದ್ದರು. 'ಫೋರ್ ಟಾಪ್ಸ್' ತಂಡದ ಗಾಯಕ ರೆನಾಲ್ಡೊ 'ಓಬಿ' ಬೆನ್ಸನ್ ಪ್ರವಾಸದಲ್ಲಿದ್ದಾಗ ಈ ಹಿಂಸೆಯನ್ನು ಕಂಡರು. ಇಲ್ಲಿ ಏನಾಗುತ್ತಿದೆ ಎಂಬ ದಿಗ್ಭ್ರಮೆಯಿಂದ ಹಾಡಿನ ಮೊಳಕೆ ಹುಟ್ಟಿತು. ಆಲ್ ಕ್ಲೀವ್ಲಂಡ್ ಜೊತೆ ಸೇರಿ ಅದನ್ನು ಬೆಳೆಸಿದರು. ಬೆನ್ಸನ್ನರ ತಂಡದವರೇ ಅದನ್ನು ಹಾಡಲು ಒಪ್ಪಲಿಲ್ಲ, ಪ್ರತಿಭಟನೆಯ ಹಾಡು ನಮಗೆ ಬೇಡ ಎಂದರು. ಇದು ಪ್ರತಿಭಟನೆಯಲ್ಲ, ಪ್ರೀತಿಯ ಹಾಡು ಎಂದು ಬೆನ್ಸನ್ ಎಷ್ಟು ಹೇಳಿದರೂ ಕೇಳಲಿಲ್ಲ. ಆಮೇಲೆ ಅದು ಮಾರ್ವಿನ್ ಗೇ ಕೈಗೆ ಬಂತು. ಅವರು ರಾಗವನ್ನು ತಿದ್ದಿ, ಪದಗಳನ್ನು ಸೇರಿಸಿ, ತಮ್ಮದಾಗಿಸಿಕೊಂಡರು.

ಗೇ ಆಗ ಒಳ್ಳೆಯ ಸ್ಥಿತಿಯಲ್ಲಿರಲಿಲ್ಲ. ಯುಗಳಗೀತೆಗಳಲ್ಲಿ ಅವರ ಜೊತೆ ಹಾಡುತ್ತಿದ್ದ ಟಾಮಿ ಟೆರೆಲ್ 1970ರ ಮಾರ್ಚಿನಲ್ಲಿ, ಇನ್ನೂ 24ರ ವಯಸ್ಸಿನಲ್ಲಿ, ಮಿದುಳಿನ ಗೆಡ್ಡೆಯಿಂದ ತೀರಿಕೊಂಡಿದ್ದರು. ತಮ್ಮ ಫ್ರಾಂಕಿ ವಿಯೆಟ್ನಾಂ ಯುದ್ಧದಲ್ಲಿ ಸೈನಿಕನಾಗಿದ್ದು ಬಂದವನು. ಅವನು ಹೇಳಿದ ಕಥೆಗಳು ಅಣ್ಣನ ತಲೆಯಲ್ಲಿದ್ದವು. ಊರಾದ ಡೆಟ್ರಾಯಿಟ್ 1967ರ ಜುಲೈನಲ್ಲಿ ಐದು ದಿನ ಹೊತ್ತಿ ಉರಿದು 43 ಮಂದಿ ಸತ್ತಿದ್ದರು. ಇಷ್ಟರ ನಡುವೆ ಕಂಪನಿ ಅವರಿಂದ ಬಯಸಿದ್ದು ಹಿಂದಿನಂಥದೇ ಪ್ರೇಮಗೀತೆ. ಕಂಪನಿಯ ಒಡೆಯ ಬೆರಿ ಗಾರ್ಡಿಗೆ ಈ ಹಾಡನ್ನು ಹೊರತರಲು ಮನಸ್ಸಿರಲಿಲ್ಲ. ಇದು ಹೊರಬರುವ ತನಕ ಬೇರೇನೂ ಹಾಡುವುದಿಲ್ಲ ಎಂದು ಗೇ ಕೂತರು. 1971ರ ಜನವರಿಯಲ್ಲಿ ಹಾಡು ಹೊರಬಂತು, ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಗಾರ್ಡಿ ಸುಮ್ಮನಾದರು. ಆಲ್ಬಮ್ಮಿನ ಉಳಿದ ಭಾಗ ಮಾರ್ಚಿನಲ್ಲಿ ಕೆಲವೇ ದಿನಗಳಲ್ಲಿ ಮುಗಿಯಿತು.

ಈಗ ದನಿಯ ವಿಷಯ. ಮೊದಲ ಹಾಡಿನಲ್ಲಿ ಎರಡು ದನಿಗಳಿವೆ, ಎರಡೂ ಮಾರ್ವಿನ್ ಗೇ ಅವರದೇ. ಇದು ಯೋಜನೆ ಹಾಕಿ ಮಾಡಿದ್ದಲ್ಲ. ಅವರು ಮುಖ್ಯ ಗಾಯನವನ್ನು ಎರಡು ಸಲ ಬೇರೆಬೇರೆಯಾಗಿ ಹಾಡಿ, ಯಾವುದು ಚೆನ್ನಾಗಿದೆ ನೋಡೋಣ ಎಂದು ಎಂಜಿನಿಯರ್ ಕೆನ್ ಸ್ಯಾಂಡ್ಸ್ ಅವರನ್ನು ಕೇಳಿದರು. ಸ್ಯಾಂಡ್ಸ್ ಕೈತಪ್ಪಿ ಎರಡನ್ನೂ ಒಟ್ಟಿಗೆ ಹಾಕಿಬಿಟ್ಟರು. ಗೇ ಅದನ್ನು ಕೇಳಿ ಹಾಗೆಯೇ ಉಳಿಸಿಕೊಂಡರು. ಒಂದು ದನಿ ಸಾಲು ಹೇಳುತ್ತದೆ, ಇನ್ನೊಂದು ಸ್ವಲ್ಪ ತಡವಾಗಿ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ, ಕೆಲವು ಕಡೆ ಮೊದಲನೆಯದನ್ನು ಸಮಾಧಾನ ಮಾಡುತ್ತದೆ. ಚರ್ಚಿನ ಪ್ರಾರ್ಥನೆಯಲ್ಲಿ ಬೋಧಕ ಹೇಳಿದ್ದಕ್ಕೆ ಸಭೆ ದನಿಗೂಡಿಸುವ ಪದ್ಧತಿ ಇದೆ. ಗೇ ಬೋಧಕನ ಮಗ, ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಹಾಡಿ ಬೆಳೆದವರು. ಇಲ್ಲಿ ಬೋಧಕನೂ ಅವರೇ, ಸಭೆಯೂ ಅವರೇ. ಹಾಳೆಯ ಮೇಲೆ ಒಂದೇ ಸಾಲು ಇರುವ ಜಾಗದಲ್ಲಿ ಕಿವಿಗೆ ಒಬ್ಬ ಮನುಷ್ಯ ತನ್ನ ಜೊತೆಗೇ ಆಡುತ್ತಿರುವ ಮಾತು ಕೇಳುತ್ತದೆ. 'ಪದಗಳು ಸಪ್ಪೆ' ಎನ್ನುವವರು ಯಾವ ಪದಗಳ ಬಗ್ಗೆ ಹೇಳುತ್ತಿದ್ದಾರೆ? ಮೊದಲ ದನಿಯದೋ, ಎರಡನೆಯದೋ?

ಎರಡನೇ ಆಕ್ಷೇಪಣೆ ಸಿಟ್ಟಿನದು. ಇದು ಹೆಚ್ಚು ಗಂಭೀರವಾದದ್ದು, ಏಕೆಂದರೆ ಪ್ರತಿರೋಧ ಎಂದರೆ ದನಿ ಎತ್ತರಿಸುವುದು ಎಂದು ನಮ್ಮಲ್ಲೂ ಬಹಳ ಮಂದಿ ನಂಬಿದ್ದಾರೆ. ಕವಿತೆಯಲ್ಲಿ ಕಿಚ್ಚು, ಬೆಂಕಿ, ಕತ್ತಿ ಎಂಬ ಮಾತುಗಳಿದ್ದರೆ ಸಿಟ್ಟು ಇದೆ ಎಂದು ಲೆಕ್ಕ. ಆಲ್ಬಮ್ಮಿನ ಕೊನೆಯ ಹಾಡು 'ಇನ್ನರ್ ಸಿಟಿ ಬ್ಲೂಸ್' ತೆಗೆದುಕೊಳ್ಳಿ. ಬಡವರ ಪಾಲಿನ ದುಡ್ಡು ಚಂದ್ರಯಾನಕ್ಕೆ ಹೋಗುತ್ತಿದೆ, ತೆರಿಗೆ ಕಟ್ಟಲಾಗುತ್ತಿಲ್ಲ, ಮಕ್ಕಳು ಯುದ್ಧಕ್ಕೆ ಹೋಗಿ ಸಾಯುತ್ತಿದ್ದಾರೆ ಎನ್ನುವ ಹಾಡು. ಕಿರುಚಬೇಕೆನಿಸುತ್ತದೆ ಎಂದು ಹಾಡಿನ ಉಪಶೀರ್ಷಿಕೆಯೇ ಹೇಳುತ್ತದೆ. ಆದರೆ ಆತ ಕಿರುಚುವುದಿಲ್ಲ. ಕೈಯಿಂದ ಬಡಿಯುವ ಕಾಂಗಾ ವಾದ್ಯ, ತಗ್ಗಿ ನಡೆಯುವ ಬೇಸ್ ಗಿಟಾರು, ಅದರ ಮೇಲೆ ತೆಳುವಾದ, ಎತ್ತರದ, ಪದರಪದರವಾದ ದನಿ. ಐದೂವರೆ ನಿಮಿಷ ಬಾಯಿಯ ತನಕ ಬಂದ ಕಿರುಚಾಟವನ್ನು ನುಂಗುತ್ತಲೇ ಇರುತ್ತದೆ. ಸಂಬಳ ಸಾಲದೆ, ಬಾಡಿಗೆ ಕಟ್ಟಲಾಗದೆ, ಮನೆಯಲ್ಲಿ ಮಕ್ಕಳು ಮಲಗಿದ್ದಾರೆಂದು ದನಿ ತಗ್ಗಿಸಿ ಮಾತಾಡುವ ಅಪ್ಪಂದಿರ ಸಿಟ್ಟನ್ನು ನೀವು ನೋಡಿಲ್ಲವೇ? ಇದು ಆ ಜಾತಿಯ ಸಿಟ್ಟು. ಕಿರುಚಿಬಿಟ್ಟರೆ ಹಗುರಾಗಿಬಿಡುತ್ತದೆ. ಆತ ಹಗುರಾಗಲು ಒಪ್ಪುವುದಿಲ್ಲ.

'ಪರಿಸರ ದಿನಾಚರಣೆ ಭಾಷಣ' ಎಂದು ಮೇಷ್ಟ್ರು ಅಂದದ್ದು 'ಮರ್ಸಿ ಮರ್ಸಿ ಮಿ' ಹಾಡಿಗೆ. ಗಾಳಿಯ ವಿಷ, ಸಮುದ್ರದಲ್ಲಿ ಎಣ್ಣೆ, ಮೀನಿನಲ್ಲಿ ಪಾದರಸ, ವಿಕಿರಣ ಎಲ್ಲವೂ ಅದರಲ್ಲಿ ಬರುತ್ತವೆ. ನಿಜ, ಓದಿದರೆ ಪಟ್ಟಿ. ರಾಗವೋ ಲಾಲಿಯಷ್ಟು ಮೃದು. ಆದರೆ ಪದಗಳು ಮುಗಿದ ಮೇಲೆ ಏನಾಗುತ್ತದೆ ಕೇಳಿ. ಸ್ಯಾಕ್ಸೊಫೋನು ಬಂದು ಹೋದ ಮೇಲೆ, ಕೊನೆಯ ಕೆಲವು ಸೆಕೆಂಡುಗಳಲ್ಲಿ ಇಡೀ ಹಾಡಿನ ನೆಲ ಕುಸಿದ ಹಾಗಾಗುತ್ತದೆ. ಸ್ವರ ಕತ್ತಲಿಗೆ ತಿರುಗುತ್ತದೆ, ಹಿಂದಿನಿಂದ ಬರುವ ದನಿಗಳು ಪದವಿಲ್ಲದೆ ಗುಂಯ್ ಎನ್ನುತ್ತವೆ, ಹಾಡು ಅಲ್ಲಿಗೇ ನಿಂತುಹೋಗುತ್ತದೆ. ಇಷ್ಟು ಹೊತ್ತು ಕೇಳಿದ ಲಾಲಿ ಯಾರಿಗಾಗಿ ಇತ್ತು ಎಂಬ ಅಂಜಿಕೆ ಹುಟ್ಟುತ್ತದೆ. ಈ ಆಲ್ಬಮ್ಮಿನ ಅತ್ಯಂತ ಕಟುವಾದ ಮಾತು ಇದೇ, ಮತ್ತು ಅದರಲ್ಲಿ ಒಂದೂ ಪದವಿಲ್ಲ. ಮೇಷ್ಟ್ರ ಹಾಳೆಯಲ್ಲಿ ಆ ಜಾಗ ಖಾಲಿ ಬಿಳಿಯಾಗಿತ್ತು.

ಇಲ್ಲಿಯ ತನಕ ಮೇಷ್ಟ್ರ ಜೊತೆ ಜಗಳವಾಯಿತು. ಇನ್ನು ನಮ್ಮ ಕಡೆಯವರ, ಅಭಿಮಾನಿಗಳ, ಜೊತೆ ಸ್ವಲ್ಪ ಜಗಳವಿದೆ.

ನಾವು ಈ ಆಲ್ಬಂ ಬಗ್ಗೆ ಬರೆಯುವಾಗಲೆಲ್ಲ ಕೊನೆಯಲ್ಲಿ 'ಇಂದಿಗೂ ಪ್ರಸ್ತುತ' ಎಂಬ ಮುದ್ರೆ ಒತ್ತುತ್ತೇವೆ. ಯುದ್ಧ ಇನ್ನೂ ಇದೆ, ಪೊಲೀಸರ ಹಿಂಸೆ ಇನ್ನೂ ಇದೆ, ಗಾಳಿ ಇನ್ನೂ ಕೆಟ್ಟಿದೆ, ಆದ್ದರಿಂದ ಹಾಡು ಶ್ರೇಷ್ಠ. ಇದು ವಿಚಿತ್ರ ತರ್ಕ. ಲೋಕ ಸುಧಾರಿಸಿದರೆ ಹಾಡು ಕೆಡುತ್ತದೆಯೇ? ನಾಳೆ ಸಮುದ್ರದ ಮೀನುಗಳೆಲ್ಲ ಶುದ್ಧವಾದರೆ ನಾನು ಆ ಹಾಡನ್ನು ಕೇಳುವುದು ಬಿಡಬೇಕೇ? ವಿಷಯದ ಪ್ರಸ್ತುತತೆಯಿಂದ ಕಲೆಯನ್ನು ಅಳೆಯುವವರೂ ಮೇಷ್ಟ್ರ ಹಾಳೆಯನ್ನೇ ಓದುತ್ತಿರುವವರು. ವ್ಯತ್ಯಾಸ ಇಷ್ಟೇ, ಅವರು ಕಡಿಮೆ ಅಂಕ ಕೊಟ್ಟರು, ನಾವು ಹೆಚ್ಚು ಕೊಟ್ಟೆವು. 2020ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ತನ್ನ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದನ್ನು ಆರರಿಂದ ಒಂದನೇ ಸ್ಥಾನಕ್ಕೆ ಏರಿಸಿದಾಗ ನಾನೂ ಖುಷಿಪಟ್ಟವನೇ. ಆದರೆ ಐವತ್ತು ವರ್ಷಗಳಲ್ಲಿ ಆಲ್ಬಂನ ಒಂದು ಸ್ವರವೂ ಬದಲಾಗಿಲ್ಲ, ಬದಲಾದದ್ದು ಪಟ್ಟಿ ಮಾಡುವವರು.

ಎರಡನೆಯ ದೂರು ಇನ್ನೂ ದೊಡ್ಡದು. ನಾವು ಈ ಆಲ್ಬಮ್ಮನ್ನು ಒಬ್ಬ ಏಕಾಂಗಿ ಪ್ರತಿಭಾವಂತನ ಸೃಷ್ಟಿ ಎಂದು ಪೂಜಿಸುತ್ತೇವೆ. ಗೇ ತಮ್ಮ ಕಂಪನಿಯನ್ನು ಎದುರಿಸಿದ್ದು ನಿಜ, ನಿರ್ಮಾಪಕರೂ ಅವರೇ ಆದದ್ದು ನಿಜ. ಆದರೆ ಈ ಹಾಡುಗಳು ಆದದ್ದು ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ ಒಂದು ಸಾಧಾರಣ ಮನೆಯೊಳಗಿನ ಸ್ಟುಡಿಯೋದಲ್ಲಿ. ಅಲ್ಲಿ ದಿನಗೂಲಿಯವರಂತೆ ಬಂದು ನುಡಿಸಿ ಹೋಗುತ್ತಿದ್ದ ವಾದ್ಯಗಾರರ ಗುಂಪಿಗೆ 'ಫಂಕ್ ಬ್ರದರ್ಸ್' ಎಂದು ಹೆಸರು. 1959ರಲ್ಲಿ ಶುರುವಾದ ಮೋಟೌನ್ ಅಮೆರಿಕದ ಎಲ್ಲ ರೇಡಿಯೋಗಳನ್ನು ಆಳಿದ್ದು ಇವರ ಬೆರಳುಗಳಿಂದ. ಆದರೂ ಸುಮಾರು ಹನ್ನೆರಡು ವರ್ಷ ಅವರ ಹೆಸರು ಯಾವ ಹೊದಿಕೆಯ ಮೇಲೂ ಬರಲಿಲ್ಲ. ಮೋಟೌನ್ ಆಲ್ಬಮ್ಮೊಂದರಲ್ಲಿ ಅವರ ಹೆಸರುಗಳು ಮೊದಲ ಸಲ ಅಚ್ಚಾದದ್ದು 'ವಾಟ್ಸ್ ಗೋಯಿಂಗ್ ಆನ್'ನಲ್ಲಿ. ಈ ಆಲ್ಬಂನ ನಿಜವಾದ ರಾಜಕೀಯ ಯಾವುದು ಎಂದು ಯಾರಾದರೂ ಕೇಳಿದರೆ ನಾನು ವಿಯೆಟ್ನಾಂಗಿಂತ ಮೊದಲು ಇದನ್ನು ತೋರಿಸುತ್ತೇನೆ.

ಅವರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರು ಜೇಮ್ಸ್ ಜೇಮರ್ಸನ್. ಬಲಗೈಯ ಒಂದೇ ತೋರುಬೆರಳಿನಿಂದ ತಂತಿ ಮೀಟುವುದು ಅವರ ರೀತಿ. ಶೀರ್ಷಿಕೆ ಹಾಡಿನ ರೆಕಾರ್ಡಿಂಗಿನ ರಾತ್ರಿ ಕುಡಿದು ಕುರ್ಚಿಯ ಮೇಲೆ ಕೂರಲಾಗದೆ ನೆಲದ ಮೇಲೆ ಮಲಗಿಯೇ ನುಡಿಸಿದರು ಎಂಬ ಕಥೆ ಪ್ರಸಿದ್ಧ. ಅಭಿಮಾನಿಗಳು ಅದನ್ನು ನಗುತ್ತಾ ಹೇಳುತ್ತಾರೆ. ನಗುವ ಮೊದಲು ಆ ನುಡಿಸಾಣಿಕೆಯನ್ನು ಕೇಳಬೇಕು. ಹಾಡುಗಾರ ಉಸಿರು ತೆಗೆದುಕೊಳ್ಳುವಲ್ಲಿ ಬೇಸ್ ಮಾತಾಡುತ್ತದೆ, ಆತ ಹಾಡುವಾಗ ಪಕ್ಕಕ್ಕೆ ಸರಿದು ನಡೆಯುತ್ತದೆ. ಅದು ತಾಳ ಹಿಡಿಯುವುದಷ್ಟೇ ಅಲ್ಲ, ಮೂರನೇ ದನಿಯಾಗಿ ಹಾಡುತ್ತದೆ. 'ಇನ್ನರ್ ಸಿಟಿ ಬ್ಲೂಸ್'ನಲ್ಲಿ ಬೇಸ್ ಹಿಡಿದವರು ಬಾಬ್ ಬ್ಯಾಬಿಟ್. ಅದನ್ನೂ ಜೇಮರ್ಸನ್ ಹೆಸರಿಗೆ ಬರೆಯುವ ಅಭಿಮಾನಿಗಳಿದ್ದಾರೆ, ಅದೂ ಅನ್ಯಾಯವೇ. ತಂತಿವಾದ್ಯಗಳನ್ನೆಲ್ಲ ಜೋಡಿಸಿ, ಗೇ ಬಾಯಲ್ಲಿ ಗುನುಗಿದ್ದನ್ನು ಸ್ವರಲಿಪಿಗೆ ಇಳಿಸಿದವರು ಡೇವಿಡ್ ವ್ಯಾನ್‌ಡಿಪಿಟ್. ಮೊದಲ ಹಾಡಿನ ಆ ಸ್ಯಾಕ್ಸೊಫೋನ್ ಎಲೈ ಫೌಂಟೇನ್ ಅವರದು. ಅವರು ವಾದ್ಯ ಬಿಸಿ ಮಾಡಿಕೊಳ್ಳಲು ಸುಮ್ಮನೆ ಊದಿದ್ದನ್ನೇ ಗೇ ಸಾಕು ಎಂದು ಇಟ್ಟುಕೊಂಡರಂತೆ. ಗೇ ಅವರ ದೊಡ್ಡತನ ಎಲ್ಲವನ್ನೂ ತಾವೇ ಮಾಡಿದ್ದರಲ್ಲಿಲ್ಲ. ಬೇರೆಯವರು ಮಾಡಿದ್ದನ್ನು, ಕೈತಪ್ಪಿ ಆದದ್ದನ್ನು, ಕೇಳಿಸಿಕೊಂಡದ್ದರಲ್ಲಿದೆ.

ಜೇಮರ್ಸನ್ 1983ರಲ್ಲಿ ತೀರಿಕೊಂಡರು. 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಅವರಿಗೆ ಜಾಗ ಕೊಟ್ಟದ್ದು 2000ದಲ್ಲಿ. ಇದು ಡೆಟ್ರಾಯಿಟಿನ ಕಥೆ, ಆದರೆ ಅಲ್ಲಿಗೇ ಬಿಟ್ಟು ನೆಮ್ಮದಿಯಿಂದಿರಲು ನಮಗೆ ಹಕ್ಕಿಲ್ಲ. ಶಿಶುನಾಳ ಷರೀಫರ ತತ್ವಪದಗಳು ನಮ್ಮಲ್ಲಿ ಎಷ್ಟೋ ಮಂದಿಗೆ ಮೊದಲು ತಲುಪಿದ್ದು ಪುಸ್ತಕದಿಂದಲ್ಲ, ಸಿ. ಅಶ್ವತ್ಥ್ ಅವರ ಕಂಠದಿಂದ. ಆ ಹಾಡುಗಳಿಗೆ ತಬಲಾ ನುಡಿಸಿದವರ ಹೆಸರು ಹೇಳಿ ಎಂದರೆ ನಾವು ತಡವರಿಸುತ್ತೇವೆ. 'ಸಾಹಿತ್ಯ' ಎಂಬ ಪದವನ್ನು ಹಾಳೆಗೆ ಬರೆದುಕೊಟ್ಟ ಮೇಲೆ ಉಳಿದವರಿಗೆ ಆಗುವುದು ಹೀಗೆಯೇ.

ಈ ಆಲ್ಬಮ್ಮಿನಲ್ಲಿ ಕುಂದುಗಳಿಲ್ಲವೇ? ಇವೆ. 'ಗಾಡ್ ಈಸ್ ಲವ್' ಎರಡು ನಿಮಿಷ ಮೀರದ್ದರಿಂದ ಬಚಾವಾಗಿದೆ. 'ಹೋಲಿ ಹೋಲಿ' ಬಂದಾಗ ಈಗಲೂ ನನ್ನ ಗಮನ ಕಿಟಕಿಯಾಚೆ ಹೋಗುತ್ತದೆ. ತಾಯಂದಿರನ್ನು ಕರೆದು ಮಾತಾಡುವ ಆಲ್ಬಮ್ಮಿನಲ್ಲಿ ತಾಯಂದಿರಿಗೆ ಒಂದು ಮಾತೂ ಸಿಗುವುದಿಲ್ಲ. ಗೇ ಅವರ ಹೆಂಡತಿ ಆನಾ ಹೆಸರು ಬರೆದವರ ಪಟ್ಟಿಯಲ್ಲಿದೆ, ಹೆಣ್ಣು ದನಿ ಹಿಂದಿನ ಸಾಲಿನಲ್ಲಷ್ಟೇ ಇದೆ. ತಂದೆಯನ್ನು ಕರೆದು ಹಿಂಸೆ ಬೇಡ ಎಂದ ಆ ಹಾಡುಗಾರನನ್ನು 1984ರ ಏಪ್ರಿಲ್ 1ರಂದು, 45ನೇ ಹುಟ್ಟುಹಬ್ಬದ ಹಿಂದಿನ ದಿನ, ಸ್ವಂತ ತಂದೆಯೇ ಗುಂಡಿಕ್ಕಿ ಕೊಂದರು. ಅದನ್ನು ಭವಿಷ್ಯವಾಣಿಯೆಂದು ಹಾಡಿನ ಮೇಲೆ ಹೊರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಡಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅದು ಸಾಕಷ್ಟು ದೊಡ್ಡದಾಗಿತ್ತು.

ಒಂದು ಚಿಕ್ಕ ಭೌತಶಾಸ್ತ್ರದ ವಿಷಯ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಬಿಡಿಯಾಗಿ ಮೀಟಿದಾಗ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ಸ್ವರವನ್ನು ಹೊರಡಿಸುವ ಶಕ್ತಿಯಿಲ್ಲ. ಫೋನಿನಲ್ಲಿ ಕೇಳಿದ ಮೇಷ್ಟ್ರಿಗೆ ಜೇಮರ್ಸನ್ ಹೆಚ್ಚುಕಡಿಮೆ ಕೇಳಿಸಿಯೇ ಇರಲಿಲ್ಲ. ಹಿತವಾಗಿದೆ, ಸಿಟ್ಟಿಲ್ಲ ಎಂದು ಅವರು ಹೇಳಿದ್ದರಲ್ಲಿ ಆಶ್ಚರ್ಯವೇನು? ಹಾಡಿನ ಸಿಟ್ಟು ನೆಲಮಾಳಿಗೆಯಲ್ಲಿತ್ತು, ಅವರು ಮೇಲಿನ ಅಂತಸ್ತನ್ನಷ್ಟೇ ನೋಡಿ ಬಂದಿದ್ದರು.

ಮೊನ್ನೆ ಭಾನುವಾರ ನನ್ನ ಹಳೆಯ ವೈರಿನ ಹೆಡ್‌ಫೋನು ತೆಗೆದುಕೊಂಡು ಅವರ ಮನೆಗೆ ಹೋದೆ. "ಹಾಳೆ ಒಳಗಿಡಿ ಸಾರ್, ಮೂವತ್ತೈದು ನಿಮಿಷ ಅಷ್ಟೇ" ಎಂದೆ. ಕಣ್ಣು ಮುಚ್ಚಿ ಕೇಳಿದರು. ನಡುವೆ ಕಾಫಿ ಬಂತು, ಆರಿತು. ಮುಗಿದ ಮೇಲೆ ಹೆಡ್‌ಫೋನು ತೆಗೆದು, "ಮೊದಲನೇ ಹಾಡಲ್ಲಿ ಇಬ್ಬರು ಹಾಡಿದ್ದಾರಲ್ವೇನಯ್ಯಾ?" ಎಂದರು.

"ಒಬ್ಬರೇ ಸಾರ್."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದೇವರ ಹಾಡು ಮಾತ್ರ ಈಗಲೂ ಸಪ್ಪೆಯೇ" ಎಂದರು. ಒಪ್ಪಿಕೊಂಡೆ. ನಮ್ಮ ಮುಂದಿನ ಕೂಟಕ್ಕೂ ಮತ್ತೊಂದು ಆಲ್ಬಂ ಇಟ್ಟುಕೊಳ್ಳಲು ಅವರೇ ಹೇಳಿದ್ದಾರೆ. ಈ ಸಲ ಯಾರೂ ಪ್ರಿಂಟ್ ಹಾಕಿಸಿಕೊಂಡು ಬರುವಂತಿಲ್ಲ. ಓದುಗರಲ್ಲೂ ನನ್ನ ಕೋರಿಕೆ ಅಷ್ಟೇ: ಒಳ್ಳೆಯ ಹೆಡ್‌ಫೋನೊಂದನ್ನು ಸಾಲ ತನ್ನಿ, ಮೂವತ್ತೈದು ನಿಮಿಷ ಬಿಡುವು ಮಾಡಿಕೊಳ್ಳಿ, ಮೊದಲು ಕೇಳಿ. ಜಗಳಕ್ಕೆ ಆಮೇಲೆ ಬನ್ನಿ.